ಹೊಸದಾಗಿ ಪಿಎಚ್‌ಡಿಗೆ ಸೇರಿದವರಿಗೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಬೆಂಗಳೂರಿನ ಐಐಎಸ್‌ಸಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಸೇರಿದ ಗೆಳೆಯರಿಗೆ ಒಂದು ಮಾತು. ಮೊದಮೊದಲು ಕೋರ್ಸ್‌ವರ್ಕ್ ಜಾಸ್ತಿ ಇರುತ್ತದೆ. ಅರ್ಥವಾಗದಿದ್ದರೆ ಸುಮ್ನೆ ಕೂರಬೇಡಿ, ನಮ್ಮ ಈ ಗುಂಪಿನಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ. ನನಗೆ ಲೀನಿಯರ್ ಆಲ್ಜೀಬ್ರಾ ತಲೆಗೆ ಹತ್ತಿದ್ದು ಸೀನಿಯರ್ ಒಬ್ಬರು ಟೀ ಕುಡಿಯುತ್ತ ಪೇಪರ್ ಕಪ್ಪಿನ ಮೇಲೆ ಬಾಣ ಎಳೆದು ತೋರಿಸಿದಾಗ.

ಒಂದು ಹಳೇ ಸೈಕಲ್ ತಗೊಳ್ಳಿ, ಬೀಗ ಮಾತ್ರ ಗಟ್ಟಿ ಇರಲಿ. ಕ್ಯಾಂಪಸ್ ದೊಡ್ಡದು, ಮೈಸೂರು ಸಂಸ್ಥಾನ 1907ರಲ್ಲಿ ಅದಕ್ಕೆ ಕೊಟ್ಟ ಜಾಗವೇ 371 ಎಕರೆ! ಆಟೋದವರಿಗೆ ಐಐಎಸ್‌ಸಿ ಅನ್ನುವ ಬದಲು, ಸ್ಥಾಪಕ ಜೆ.ಎನ್. ಟಾಟಾ ಹೆಸರಿನಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ಬೇಗ ಗೊತ್ತಾಗುತ್ತದೆ.

ಪ್ರಯೋಗ ಕೈಕೊಟ್ಟ ದಿನ ರೂಮಿನಲ್ಲಿ ಒಬ್ಬರೇ ಇರಬೇಡಿ, ಮೆಸೇಜ್ ಹಾಕಿ. ಎಷ್ಟು ಹೊತ್ತಾದರೂ ನಮ್ಮಲ್ಲಿ ಯಾರಾದರೂ ಎದ್ದಿರುತ್ತೇವೆ, ಅಲ್ವಾ? ಶನಿವಾರ ಸಂಜೆ 5ಕ್ಕೆ ಮುಖ್ಯ ಕಟ್ಟಡದ ಮುಂದೆ, ಟಾಟಾ ಪ್ರತಿಮೆ ಹತ್ತಿರ ಸೇರೋಣ.