ಬಿಡಿಭಾಗಗಳ ಸಂತೆಯ ಆ ಹಿರಿಯರಿಗೆ

ಡೆಟ್ರಾಯಿಟ್ ಬಳಿಯ ಹಳೆಯ ಕಾರುಗಳ ಬಿಡಿಭಾಗದ ಸಂತೆಯಲ್ಲಿ ಕಂಡ ಹಿರಿಯರೇ, ನಿಮ್ಮ ಹೆಸರನ್ನೂ ಕೇಳಿಕೊಳ್ಳಲಿಲ್ಲ. ನನ್ನ 1965ರ ಫೋರ್ಡ್ ಮಸ್ಟಾಂಗ್‌ಗೆ ನೆಲದ ತಗಡು ಬೇಕೆಂದಾಗ, ಮಾರಲು ಕುಳಿತಿದ್ದ ನೀವೇ ತಡೆದಿರಿ: "ಮೊದಲು ಮುಂದಿನ ಗಾಜಿನ ಬುಡದ ಸೀಳುಗಳಿಗೆ ನೀರು ಸುರಿದು ನೋಡಿ."

ಸುರಿದೆ. ಡ್ಯಾಶ್‌ಬೋರ್ಡಿನ ಅಡಿಯಿಂದ ತುಕ್ಕು ಬೆರೆತ ಕೆಂಪು ನೀರು ತೊಟ್ಟಿಕ್ಕಿತು. ಆ ಸೀಳುಗಳ ಕೆಳಗೆ, ಕಾರಿನೊಳಗೆ ಗಾಳಿ ಬರುವ ತಗಡಿನ ಪೆಟ್ಟಿಗೆಯಲ್ಲಿ ತರಗೆಲೆ ಸೇರಿ, ತೇವ ನಿಂತು ತಗಡು ತೂತಾಗಿತ್ತು. ಆ ಕಾಲದ ಮಸ್ಟಾಂಗ್‌ಗಳಲ್ಲಿ ಸಾಮಾನ್ಯವಾದ ರೋಗವಿದು. ಹೊಸ ನೆಲ ಹಾಕಿದ್ದರೆ ಅದಕ್ಕೂ ತುಕ್ಕು ಹಿಡಿಯುತ್ತಿತ್ತು. ಕೈಗೆ ಬಂದ ವ್ಯಾಪಾರ ಬಿಟ್ಟು ಸತ್ಯ ಹೇಳುವವರು ಎಷ್ಟು ಜನರಿದ್ದಾರೆ?

ಪೆಟ್ಟಿಗೆಯ ಬೆಸುಗೆ ಮುಗಿದಿದೆ. ನೆಲದ ತಗಡನ್ನು ನಿಮ್ಮಲ್ಲೇ ಕೊಳ್ಳುತ್ತೇನೆ. ತುಂಬು ಹೃದಯದ ಧನ್ಯವಾದಗಳು.