ಅಪ್ಪಾಜಿಗೆ, ಹಿಂಜವಡಿಯಿಂದ

ಪುಣೆ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ವಿದ್ಯಾ ಮಾಡುವ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಅವ್ವ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಟ್ಟಿದವು. ಆಫೀಸಿಗೆ ಒಯ್ದಿದ್ದೆ, ಮಧ್ಯಾಹ್ನ ನನಗೇ ಉಳಿಯಲಿಲ್ಲ.

ಮೊನ್ನೆ ಫೋನಿನಲ್ಲಿ "ಈ ಎಐ ಬಂದು ನಿನ್ನ ನೌಕರಿಗೆ ಏನರ ಕುತ್ತು ಬರತೈತೇನವಾ?" ಅಂತ ಕೇಳಿದಿರಿ. ಮಂಜ್ಯಾನನ್ನು ಕಂಪ್ಯೂಟರ್ ಸೈನ್ಸಿಗೆ ಹಾಕುವುದೋ ಬೇಡವೋ ಅಂತಲೂ ಕೇಳಿದಿರಿ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಕೋಡ್ ಬರೆಯಲು ನೆರವಾಗುವ ಕೋಪೈಲಟ್ ಅದಕ್ಕೂ ಹಿಂದಿನ ವರ್ಷವೇ ಪ್ರಯೋಗಕ್ಕೆ ಬಂದಿತ್ತು. ಅಪಾರ ಬರಹವನ್ನು ಓದಿಸಿ, ಇಲ್ಲಿಯವರೆಗೆ ಹೀಗಿದ್ದರೆ ಮುಂದೆ ಏನು ಬರಬಹುದು ಅಂತ ಊಹಿಸಲು ಕಲಿಸಿದ ಯಂತ್ರ ಇದು. ಕೋಡೂ ಒಂದು ಬರಹವೇ ಆದ್ದರಿಂದ ಅದನ್ನೂ ಸರಾಗವಾಗಿ ಬರೆಯುತ್ತದೆ. ನಮ್ಮ ಟೀಮಿನಲ್ಲಿ ಮೊದಲು ಕಾಲೇಜು ಮುಗಿಸಿ ಬಂದ ಹುಡುಗರಿಗೆ ಸಣ್ಣ ಬಗ್ (ಕೋಡಿನಲ್ಲಿಯ ತಪ್ಪು) ತಿದ್ದುವುದು, ಟೆಸ್ಟ್ ಬರೆಯುವುದು ಕೊಡುತ್ತಿದ್ದೆವು. ಅದನ್ನೀಗ ಯಂತ್ರ ಮಾಡುತ್ತದೆ. ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಗಿದೆ. ನನಗೆ ಬರೆಯುವ ಕೆಲಸ ಇಳಿದು ಓದುವ ಕೆಲಸ ಏರಿದೆ. ಯಾರೋ ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು, ನಾವೇ ಬರೆಯುವುದಕ್ಕಿಂತ ತಲೆ ತಿನ್ನುವ ಕೆಲಸ. ಇದನ್ನು ಮ್ಯಾನೇಜರಿಗೆ ತಿಳಿಸಿ ಹೇಳುವುದು ಇನ್ನೂ ಕಷ್ಟ. ಯಂತ್ರ ಬರೆದುಕೊಟ್ಟ ಮೇಲೆ ನಿನಗೇಕೆ ಇಷ್ಟು ಹೊತ್ತು ಅಂತಾರೆ.

ಜನರ ಜಮೀನಿನ ಕಾಗದಪತ್ರ ಬರೆದುಕೊಡುವ ನಿಮಗೆ ತಿಳಿಯುವ ಲೆಕ್ಕವನ್ನೇ ಅದಕ್ಕೆ ಕೊಟ್ಟು ನೋಡಿದೆ. ಉತಾರದಲ್ಲಿ (ಪಹಣಿಯಲ್ಲಿ) ಎಕರೆ-ಗುಂಟೆ ಬರೆಯುವ ಹಾಗೆ 1.30 ಮತ್ತು 0.20 ಬರೆದು, ಇಂಥ ಕ್ಷೇತ್ರಗಳನ್ನು ಕೂಡಿಸುವ ಪ್ರೋಗ್ರಾಂ ಬರಿ ಅಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬರೆಯಿತು. ಉತ್ತರ 1.50! ಸರಿಯಿದೆಯೋ ನೋಡಲು ಟೆಸ್ಟ್ ಬರಿ ಅಂದರೆ ಅದನ್ನೂ ಬರೆಯಿತು, ಆ ಟೆಸ್ಟ್ ಪಾಸೂ ಆಯಿತು. ಯಾಕೆಂದರೆ ಟೆಸ್ಟಿನಲ್ಲೂ ಉತ್ತರ 1.50 ಅಂತಲೇ ಬರೆದುಕೊಂಡಿತ್ತು. ನೀವಾಗಿದ್ದರೆ ಪೆನ್ನು ಎತ್ತದೆ ಎರಡು ಎಕರೆ ಹತ್ತು ಗುಂಟೆ ಅನ್ನುತ್ತಿದ್ದಿರಿ. ಎಕರೆಗೆ ಎಷ್ಟು ಗುಂಟೆ ಅಂತ ಕೇಳಿದೆ. ನಲವತ್ತು ಅಂತ ತಕ್ಷಣ ಹೇಳಿ, ಕ್ಷಮೆ ಕೇಳಿ, ಪ್ರೋಗ್ರಾಂ ತಿದ್ದಿಕೊಟ್ಟಿತು. ಗೊತ್ತಿಲ್ಲದೆ ತಪ್ಪಿದ್ದಲ್ಲ ನೋಡಿ, ಗೊತ್ತಿದ್ದೂ ಕೇಳುವವರಿಲ್ಲದೆ ತಪ್ಪಿದ್ದು. ಇಂಥದ್ದನ್ನು ಹಿಡಿಯುವುದಕ್ಕೇ ನನಗೀಗ ಸಂಬಳ. (ಇಲ್ಲಿಯ ಉತಾರಕ್ಕೆ ಸಾತಬಾರಾ ಅಂತಾರೆ, ಅದರಲ್ಲಿ ಹೆಕ್ಟೇರ್-ಆರ್ ಬರೆಯುತ್ತಾರೆ. ಒಂದು ಆರ್ ಅಂದರೆ ನೂರು ಚದರ ಮೀಟರ್, ಗುಂಟೆಗಿಂತ ಒಂಚೂರು ಕಡಿಮೆ. ಬಾಯಲ್ಲಿ ಮಾತ್ರ ಎಲ್ಲರೂ ಗುಂಠಾ ಅಂತಲೇ ಅನ್ನುವುದು.)

ಆಮೇಲೆ ಖರೀದಿ ಪತ್ರವನ್ನೂ ಬರೆಸಿದೆ. ಭಾಷೆ ಅಚ್ಚುಕಟ್ಟು, ಕಾಗುಣಿತದ ತಪ್ಪಿಲ್ಲ. ಆದರೆ ಚೆಕ್ಕುಬಂದಿ ನಾನು ಹೇಳಿಯೇ ಇರಲಿಲ್ಲ. ಪೂರ್ವಕ್ಕೆ ಸರಕಾರಿ ರಸ್ತೆ, ಪಶ್ಚಿಮಕ್ಕೆ ಹಳ್ಳ ಅಂತ ತಾನೇ ತುಂಬಿಬಿಟ್ಟಿತು. ಹೊಸದಾಗಿ ಬರೆಯಲು ಕೂತ ಹುಡುಗ, ಖಾಲಿ ಬಿಟ್ಟರೆ ಬೈತಾರೆ ಅಂತ ಏನಾದರೂ ಗೀಚಿದ ಹಾಗೆ. ಆ ಹುಡುಗನಾದರೂ ಮುಖ ಬಿಳುಪೇರಿ ಸಿಕ್ಕಿಬೀಳುತ್ತಾನೆ. ಇದಕ್ಕೆ ಮುಖವಿಲ್ಲ.

ನೀವು ಕಳಿಸಿದ ಹಳೇ ಪತ್ರದ ಫೈಲನ್ನು ಹಾಕಿದಾಗ ಇನ್ನೊಂದು ಗೊತ್ತಾಯಿತು. ಅದು ನುಡಿ ಸಾಫ್ಟ್‌ವೇರಿನ ಹಳೇ ಅಕ್ಷರದಲ್ಲಿದೆ, ಈಗ ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡ್ ಅಲ್ಲ. ಯಂತ್ರದ ಕಣ್ಣಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕೊಂಬು-ಬಾಲ ಹಚ್ಚಿದ ಗೊಂದಲ. ನೀವು ಇಷ್ಟು ವರ್ಷ ಟೈಪ್ ಮಾಡಿದ್ದೆಲ್ಲ ಹೀಗೇ ಇರಬೇಕು. ಮಂಜ್ಯಾನಿಗೆ ಹೇಳಿ ಪರಿವರ್ತಕದಲ್ಲಿ ಯುನಿಕೋಡಿಗೆ ತಿರುಗಿಸಿ ಇಡಿಸಿರಿ. ಆದರೆ ಪಕ್ಷಗಾರರ ಆಧಾರ್ ನಂಬರು, ಹೆಸರು, ಸರ್ವೆ ನಂಬರು ಇರುವ ಕಾಗದವನ್ನು ಮೊಬೈಲಿನ ಈ ಆಪ್‌ಗಳಿಗೆ ಯಾರೂ ಹಾಕಬಾರದು. ನಿಮ್ಮ ಪಕ್ಕದ ಟೇಬಲ್ಲಿನವರಿಗೂ ಹೇಳಿರಿ. ನೀವು ನನಗೆ ಕಳಿಸಿದ್ದರಲ್ಲಿ ಹೆಸರು-ನಂಬರು ಅಳಿಸಿದ್ದಿರಲ್ಲ, ಹಾಗೇ ಇರಲಿ.

ದಿನನಿತ್ಯದ ಬರವಣಿಗೆಯ ಪಾಡಂತೂ ಕೇಳಬೇಡಿ. ನಮ್ಮ ಸೊಸೈಟಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ವಾಟ್ಸಾಪಿನಲ್ಲಿ ಬೇರೆ ಬೇರೆ ಫ್ಲಾಟಿನವರು ಹಾಕಿದ ಸಂತಾಪ ಹೆಚ್ಚುಕಡಿಮೆ ಒಂದೇ, ಅದೇ ಉದ್ದ, ಅದೇ ನಯ. ಕೆಳಗಿನ ಮನೆಯ ಕಾಕೂ ಒಬ್ಬರೇ "ನನಗೆ ಹೂರಣ ಮಾಡಲು ಕಲಿಸಿದ್ದೇ ಅವರು" ಅಂತ ಮರಾಠಿಯಲ್ಲಿ ಒಂದು ಸಾಲು ಬರೆದಿದ್ದರು. ಅಜ್ಜಿಯ ಮಗ ಉತ್ತರ ಕೊಟ್ಟದ್ದು ಅದೊಂದಕ್ಕೇ. ರಜೆ ಅರ್ಜಿ, ಬ್ಯಾಂಕಿನ ಪತ್ರ ಯಂತ್ರವೇ ಬರೆಯಲಿ, ಅದರಲ್ಲಿ ನನಗೇನೂ ನಷ್ಟ ಕಾಣುವುದಿಲ್ಲ. ಇಂಗ್ಲಿಷಿಗೆ ಅಂಜಿ ಮೀಟಿಂಗಿನಲ್ಲಿ ಬಾಯಿ ಬಿಡದ ಹುಡುಗರು ಈಗ ಧೈರ್ಯವಾಗಿ ಮೇಲ್ ಬರೆಯುತ್ತಾರೆ, ಅದು ಒಳ್ಳೆಯದೇ.

ನಿಮ್ಮ ಕೆಲಸದ ಬಗ್ಗೆ ನನಗೆ ಅಷ್ಟು ದಿಗಿಲಿಲ್ಲ. 2000ದ ಹೊತ್ತಿಗೆ ಸರಕಾರದ 'ಭೂಮಿ' ಕಂಪ್ಯೂಟರ್ ವ್ಯವಸ್ಥೆ ಬಂದು ಕೈಬರಹದ ಉತಾರ ನಿಂತಾಗಲೂ, ಮೊನ್ನೆ ಮೊನ್ನೆ ಆಸ್ತಿ ನೋಂದಣಿಗೆ 'ಕಾವೇರಿ 2.0' ಬಂದಾಗಲೂ ಬರೆಯುವವರ ಕಥೆ ಮುಗಿಯಿತು ಅಂದರು. ಭೂಮಿಯಲ್ಲಿ ಹೆಸರು ತಪ್ಪಾಗಿ ಕೂತವರು ತಿದ್ದುಪಡಿಗೆ ನಿಮ್ಮ ಟೇಬಲ್ಲಿಗೇ ಬಂದರಲ್ಲ. ಆದರೆ ಬರೀ ನಕಲು ಮಾಡಿಕೊಡುವವರಿಗೆ ಕಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ನಮ್ಮಲ್ಲೂ ಅಷ್ಟೇ.

ಮಂಜ್ಯಾನ ವಿಷಯ. ಸಿಇಟಿ ರ್‍ಯಾಂಕಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಸೇರಲಿ. ಸಿಗದಿದ್ದರೆ ಸಿವಿಲ್, ಎಲೆಕ್ಟ್ರಿಕಲ್ ಯಾವುದಾದರೂ ಆಗಲಿ, ಪ್ರೋಗ್ರಾಮಿಂಗ್ ಜೊತೆಗೇ ಕಲಿಯಬಹುದು. ಕಲಿಯುವಾಗ ಮೊದಲ ವರ್ಷವಾದರೂ ಯಂತ್ರದ ಸಹವಾಸ ಬೇಡ, ಕೈಯಿಂದಲೇ ಬರೆಯಲಿ. ಸ್ವತಃ ಬರೆದು ಎಡವದವನಿಗೆ ಯಂತ್ರದ 1.50 ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ಸೈನ್ಸೇ ಬೇಕು ಅಂತ ಹಟ ಹಿಡಿದರೂ ಮ್ಯಾನೇಜ್‌ಮೆಂಟ್ ಸೀಟಿಗಾಗಿ ಹಳ್ಳದ ದಂಡೆಯ ಹೊಲ ಮಾತ್ರ ಒತ್ತೆ ಇಡಬೇಡಿರಿ. ನಾಲ್ಕು ವರ್ಷ ಬಿಟ್ಟು ಈ ಲೈನು ಹೇಗಿರುತ್ತದೆ ಅಂತ ಇಲ್ಲಿ ಯಾರೂ ಎದೆ ತಟ್ಟಿ ಹೇಳುತ್ತಿಲ್ಲ. ಕಾಲೇಜು-ಕೋರ್ಸು ಆರಿಸಿ ತುಂಬುವ ಆಪ್ಷನ್ ಎಂಟ್ರಿಯ ದಿನ ನನಗೆ ಫೋನ್ ಹಚ್ಚಲಿ, ರಜೆ ಹಾಕಿ ಕೂತಿರುತ್ತೇನೆ.

ಅವ್ವಗೆ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ ಮಗಳು,
ವಿದ್ಯಾ