ನಿರ್ಮಲಾ ಸೀತಾರಾಮನ್ ಅವರಿಗೆ: ಮನೆಗೆ ಬೆಲೆ ಕಟ್ಟುವವರಿಗೂ ಒಂದು ಕಾಯ್ದೆ ಕೊಡಿ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರಗಳು.

ಹಣಕಾಸು ಮತ್ತು ಕಂಪನಿ ವ್ಯವಹಾರ, ಎರಡೂ ಖಾತೆ ನಿಮ್ಮ ಹತ್ತಿರವೇ ಇವೆ. ರಾಜ್ಯಸಭೆಗೆ ಹೋಗಿರುವುದೂ ನಮ್ಮ ಕರ್ನಾಟಕದಿಂದಲೇ. ಅದಕ್ಕೇ ಈ ಪತ್ರ ನಿಮಗೆ.

ನಾನು ಧಾರವಾಡ ಜಿಲ್ಲೆಯ ಸಿವಿಲ್ ಎಂಜಿನಿಯರ್. ಬ್ಯಾಂಕಿನ ಸಾಲಕ್ಕಾಗಿ ಮನೆ, ಸೈಟುಗಳ ವ್ಯಾಲ್ಯುಯೇಷನ್ ಮಾಡುತ್ತೇನೆ, ಅಂದರೆ ಬೆಲೆ ಕಟ್ಟಿ ವರದಿ ಕೊಡುತ್ತೇನೆ. ಜಾಗ ನೋಡುವ ಮೊದಲೇ ಎಷ್ಟೋ ಸಲ ಫೋನು ಬರುತ್ತದೆ. "ಸರ್, ಪಾರ್ಟಿಗೆ ಅರವತ್ತು ಬೇಕು. ಸ್ವಲ್ಪ ನೋಡ್ಕೊಂಡು ಹಾಕಿ." ಅದರಲ್ಲಿ ಲಂಚದ ಮಾತಿಲ್ಲ, ಬೆದರಿಕೆಯೂ ಇಲ್ಲ. ಆಗಲ್ಲ ಅಂದರೆ ಬ್ಯಾಂಕಿನ ಪ್ಯಾನೆಲ್‌ನಿಂದ ಯಾರೂ ಹೆಸರು ತೆಗೆಯುವುದಿಲ್ಲ. ಸುಮ್ನೆ ಫೈಲು ಬರುವುದು ನಿಲ್ಲುತ್ತದೆ. ಹೂಂ ಅನ್ನುವವರು ಊರಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ.

ಅರವತ್ತು ಲಕ್ಷದ ಸಾಲವೇ ಯಾಕೆ ಬೇಕು? ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 80 ದಾಟುವಂತಿಲ್ಲ. 60 ಲಕ್ಷದ ಮನೆಗೆ 48 ಲಕ್ಷ ಸಿಗುತ್ತದೆ. ಉಳಿದ 12 ಲಕ್ಷ ಕೈಯಲ್ಲಿ ಇಲ್ಲದವರು ಕರಾರಿನಲ್ಲಿ 75 ಲಕ್ಷ ಎಂದು ಬರೆಸುತ್ತಾರೆ. ವ್ಯಾಲ್ಯುಯರ್ ಕೂಡ 75 ಎಂದು ಬರೆದುಕೊಟ್ಟರೆ ಪೂರ್ತಿ 60 ಲಕ್ಷ ಸಾಲವೇ ಆಗಿಬಿಡುತ್ತದೆ. ಆ ಹೊತ್ತಿಗೆ ಮಾರುವವರು, ಕೊಳ್ಳುವವರು, ಏಜೆಂಟು, ಬ್ರಾಂಚು ಎಲ್ಲರೂ ಖುಷಿ. ಸಾಲದ ಮಿತಿ ಇಟ್ಟಿದ್ದೇ ಜನರ ಠೇವಣಿ ಕಾಪಾಡಲಿಕ್ಕೆ ಅಲ್ವಾ? ಅದು ಒಂದು ಸಹಿಯಲ್ಲಿ ಮುಗಿದುಹೋಯಿತು.

ಕಂತು ಕಟ್ಟಲಾಗದೆ ಮನೆ ಹರಾಜಿಗೆ ಬಂದಾಗ ಇದೇ ತಪ್ಪು ಉಲ್ಟಾ ಆಗುತ್ತದೆ. ಬ್ಯಾಂಕು ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ಇರುವ ಸರ್ಫೇಸಿ ಕಾಯ್ದೆಯ ನಿಯಮದಂತೆ ಮಾರುವ ಮುಂಚೆ ವ್ಯಾಲ್ಯುಯರ್ ವರದಿ ಪಡೆದು ಕನಿಷ್ಠ ಬೆಲೆ ನಿಗದಿ ಮಾಡಬೇಕು. ಈಗ ಬ್ಯಾಂಕಿಗೆ ಮನೆ ಬೇಗ ಮಾರಿ ಹೋಗಬೇಕು. ಸಾಲ ಕೊಡುವಾಗ 75 ಇದ್ದ ಮನೆ 45ಕ್ಕೆ ಇಳಿದರೂ ಕೇಳುವವರಿಲ್ಲ. ಮನೆಯವರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು, ನಿಜ. ಆದರೆ ಅದಕ್ಕೆ ನಮ್ಮ ಕಡೆಯವರು ಬೆಂಗಳೂರಿಗೇ ಬರಬೇಕು. ಮನೆಯೇ ಕೈಬಿಟ್ಟು ಹೋಗುತ್ತಿರುವಾಗ ವಕೀಲರ ಫೀಸಿಗೆ ದುಡ್ಡು ಎಲ್ಲಿಂದ ತರುತ್ತಾರೆ?

ನಿಯಮಗಳು ಇಲ್ಲವೇ ಇಲ್ಲ ಎನ್ನುತ್ತಿಲ್ಲ. ವ್ಯಾಲ್ಯುಯರ್‌ಗಳ ಬಗ್ಗೆ ಕಂಪನಿ ಕಾಯ್ದೆಯ 247ನೇ ಸೆಕ್ಷನ್ ಇದೆ. ಅದರಡಿ 2017ರಲ್ಲಿ ಬಂದ ನಿಯಮಗಳಲ್ಲಿ ಪರೀಕ್ಷೆ ಇದೆ, ನೋಂದಣಿ ಇದೆ, ನಡತೆಯ ಸಂಹಿತೆಯೂ ಇದೆ. ಗಿರಾಕಿಗೆ ಬೇಕಾದಂತೆ ಬೆಲೆ ಬರೆದುಕೊಡಬಾರದು ಎಂದು ಆ ಸಂಹಿತೆ ನೇರವಾಗಿಯೇ ಹೇಳುತ್ತದೆ. ಓದಿದಾಗ ನನಗೆ ಬಹಳ ಸಮಾಧಾನ ಆಗಿತ್ತು. ಆದರೆ ಅದು ಕಂಪನಿ ಕಾಯ್ದೆ ಮತ್ತು ದಿವಾಳಿ ಸಂಹಿತೆಯ ಕೆಲಸಗಳಿಗೆ. ಸಾಮಾನ್ಯ ಜನರ ಗೃಹಸಾಲದ ವರದಿ ಅದರ ಹೊರಗೇ ಉಳಿದಿದೆ. ಸಂಪತ್ತು ತೆರಿಗೆ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡವರೂ ಬ್ಯಾಂಕುಗಳ ಪಟ್ಟಿಯಲ್ಲಿದ್ದಾರೆ. ಆ ತೆರಿಗೆಯನ್ನು 2015ರ ಬಜೆಟ್‌ನಲ್ಲೇ ಕೈಬಿಡಲಾಯಿತು. ರಿಸರ್ವ್ ಬ್ಯಾಂಕಿನ 2007ರ ಸುತ್ತೋಲೆ 50 ಕೋಟಿ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಎರಡು ಸ್ವತಂತ್ರ ವರದಿ ಬೇಕು ಎಂದಿತು. 40 ಲಕ್ಷದ ಮನೆಗೆ ಒಂದೇ ಸಾಕು. ಆ 40 ಲಕ್ಷ ಒಬ್ಬ ಶಿಕ್ಷಕಿಯ ಇಡೀ ಜೀವನದ ದುಡಿಮೆ ಆಗಿರಬಹುದು.

ನಿಮ್ಮದೇ ಕಂಪನಿ ವ್ಯವಹಾರ ಸಚಿವಾಲಯ, ದಿವಾಳಿ ಮಂಡಳಿಯ ಆಗಿನ ಮುಖ್ಯಸ್ಥ ಎಂ.ಎಸ್. ಸಾಹೂ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 2020ರಲ್ಲಿ ವ್ಯಾಲ್ಯುಯರ್‌ಗಳಿಗಾಗಿ ಪ್ರತ್ಯೇಕ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಲೆಕ್ಕ ಪರಿಶೋಧಕರಿಗೆ 1949ರಿಂದ ಕಾಯ್ದೆ ಇದೆ. ವಕೀಲರಿಗೆ 1961ರಿಂದ ಇದೆ. ನಮಗೆ ಕರಡಿನ ಆಚೆ ಏನೂ ಬಂದಿಲ್ಲ. ದಯವಿಟ್ಟು ಅದನ್ನು ಸಂಸತ್ತಿಗೆ ತನ್ನಿ. ಬ್ಯಾಂಕು ಕೊಡುವ ಸಾಲವೂ ಅದರೊಳಗೆ ಸೇರಲಿ.

ಕಾಯ್ದೆಗೆ ಸಮಯ ಹಿಡಿಯುತ್ತದೆ, ಗೊತ್ತು. ಆದರೆ ಎರಡು ಕೆಲಸಕ್ಕೆ ಕಾಯಬೇಕಿಲ್ಲ. ಯಾವ ಮನೆಗೆ ಯಾವ ವ್ಯಾಲ್ಯುಯರ್ ಎಂಬುದನ್ನು ಬ್ರಾಂಚು ಆರಿಸಬಾರದು. ಪ್ರಾದೇಶಿಕ ಕಚೇರಿಯ ಕಂಪ್ಯೂಟರ್ ಸರದಿಯಂತೆ ಹಂಚಲಿ. ಸಾಲ ಮಂಜೂರಾಗುವವರೆಗೆ ನಮ್ಮ ನಂಬರ್ ಯಾರಿಗೂ ಸಿಗದಿರಲಿ. ಫೋನು ಬರದಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು, ವರದಿಯ ಪ್ರತಿ ಸಾಲಗಾರರಿಗೆ ಸಿಗಬೇಕು. ನನ್ನ ಫೀಸು ಕೊಡುವುದು ಅವರು. ನಾನು ಏನು ಬರೆದೆ ಎಂದು ನೋಡುವ ಅವಕಾಶ ಮಾತ್ರ ಎಷ್ಟೋ ಜನರಿಗೆ ಇಲ್ಲ. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಈ ಪಾಠ ಕಲಿತರು. ಅಲ್ಲಿ 2014ರಿಂದ ಗೃಹಸಾಲ ಕೊಡುವವರು ಮೌಲ್ಯಮಾಪನದ ಪ್ರತಿಯನ್ನು ಅರ್ಜಿದಾರರಿಗೆ ಮುಂಚಿತವಾಗಿಯೇ ಕೊಡಬೇಕು. ಹರಾಜಿನ ವರದಿಯನ್ನೂ ನೋಟಿಸ್ ಜೊತೆಯಲ್ಲೇ ಮನೆಯವರಿಗೆ ಕೊಡುವಂತಾಗಲಿ. ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಅವರೇ ಪ್ರಶ್ನೆ ಕೇಳುತ್ತಾರೆ. ಸಹಿ ಹಾಕಿದ ನಾವು ಉತ್ತರ ಕೊಡಬೇಕು.

ಸಾರ್ವಜನಿಕ ವಲಯದ ಬ್ಯಾಂಕುಗಳಿಂದಲೇ ಇದನ್ನು ಶುರು ಮಾಡಬಹುದು. ಅವು ನಿಮ್ಮ ಇಲಾಖೆಯ ಮಾತು ಕೇಳುತ್ತವೆ.

ಇಂತಿ,
ಧಾರವಾಡ ಜಿಲ್ಲೆಯ ಒಬ್ಬ ವ್ಯಾಲ್ಯುಯರ್